ಸೀಟಿನ ಎತ್ತರ

ಚಕ್ರ ಇನ್ನೂ ತಿರುಗುತ್ತಲೇ ಇದೆ, ಟಿಕ್ ಟಿಕ್ ಟಿಕ್ ಅಂತ, ಯಾರದಪ್ಪಾ ಇದು, ನನ್ನದೇ, ನನ್ನ ಸೈಕಲ್ಲಿನ ಹಿಂದಿನ ಚಕ್ರ, ಗಾಳಿಯಲ್ಲಿ ಎದ್ದು ನಿಂತು ತನ್ನ ಪಾಡಿಗೆ ತಾನು ಸುತ್ತುತ್ತಿದೆ, ಆದರೆ ಅದು ಯಾಕೆ ಮೇಲಿದೆ, ನಾನು ಯಾಕೆ ಕೆಳಗಿದ್ದೇನೆ, ಕೆನ್ನೆಗೆ ಒತ್ತಿರುವುದು ರಸ್ತೆ, ಬೆಚ್ಚಗಿದೆ, ಒಂದು ಇರುವೆ ಮೂಗಿನ ಹತ್ತಿರವೇ ಏನನ್ನೋ ಹೊತ್ತುಕೊಂಡು ಹೋಗುತ್ತಿದೆ, ನನ್ನನ್ನು ಸುತ್ತಿ ಬಳಸಿ ಹೋಗುತ್ತಿದೆ — ಬಿದ್ದೆ. ಹೌದು, ಬಿದ್ದಿದ್ದೇನೆ. ಶನಿವಾರ ಭಾನುವಾರ ಬೆಳಗಾದರೆ ಊರಿನ ಮಕ್ಕಳನ್ನೆಲ್ಲ ಗುಡ್ಡೆ ಹಾಕಿಕೊಂಡು ಸೈಕಲ್ ಕಲಿಸುವ ಮಹಾನುಭಾವ ಆ ಮಕ್ಕಳ ಕಣ್ಣೆದುರಿಗೇ ದಬಕ್ಕನೆ ಬಿದ್ದಿದ್ದಾನೆ, ರಸ್ತೆ ನೋಡ್ರೋ, ಪಕ್ಕದವರ ಸೈಕಲ್ ನೋಡ್ಬೇಡಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದವನು ತಾನೇ ಪಕ್ಕದವರ ಸೈಕಲ್ ನೋಡುತ್ತಾ ಗುಂಡಿಗೆ ಇಳಿಸಿದ್ದಾನೆ, ಎದ್ದುಬಿಡೋಣ, ಎದ್ದು ನಕ್ಕುಬಿಡೋಣ, ನೋಡಿದ್ರಾ, ಹೀಗೆ ಬೀಳಬಾರದು ಅಂತ ತೋರಿಸೋಕೆ ಬಿದ್ದೆ ಅನ್ನೋಣ — ಅಯ್ಯೋ. ಬೇಡ. ಬಲ ಭುಜದೊಳಗೆ ಏನೋ ಕಟಕ್ ಅಂದಿತು, ಕತ್ತಿನ ಕೆಳಗೆ, ಅಲ್ಲಿ ಇರಬಾರದ ಕಡೆ ಒಂದು ಮೂಳೆಯಿದೆ ಅನ್ನಿಸುತ್ತಿದೆ, ಉಸಿರು ಎಳೆದರೆ ಚುಚ್ಚುತ್ತದೆ, ಎಳೆಯದಿದ್ದರೆ ಬದುಕುವುದು ಹೇಗೆ, ಸ್ವಲ್ಪ ಸ್ವಲ್ಪವೇ ಎಳೆಯೋಣ, ಕಾಲು ಆಡುತ್ತಿದೆ, ಬೆರಳು ಆಡುತ್ತಿದೆ, ತಲೆಯ ಮೇಲೆ ಹೆಲ್ಮೆಟ್ ಇದೆ, ಪುಣ್ಯ. ಏನು ನೋಡುತ್ತಿದ್ದೆ ನಾನು? ಅವಳ ಮೊಣಕಾಲು. ನಮ್ಮ ಹುಡುಗಿಯ ಮೊಣಕಾಲು, ಪ್ರತಿ ಸಲ ಪೆಡಲ್ ಮೇಲೆ ಬಂದಾಗಲೂ ಹ್ಯಾಂಡಲ್ಲಿಗೆ ಇನ್ನೇನು ತಾಗಬೇಕು, ತಾಗುವ ಮುನ್ನ ಅವಳು ಅದನ್ನು ಪಕ್ಕಕ್ಕೆ ಹೊರಳಿಸುತ್ತಾ, ಕಪ್ಪೆ ಈಜಿದ ಹಾಗೆ.

ನಮ್ಮ ಹುಡುಗಿ. ಮನಸ್ಸಿನಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಈ ಮಾತು, ಬಾಯಲ್ಲಿ ಬರುವುದಿಲ್ಲ. ನನ್ನ ಹೆಂಡತಿಯ ಮಗಳು. ಅವಳಪ್ಪ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಅವನು ಕೊಡಿಸಿದ್ದ ಸೈಕಲ್ಲು ಮೆಟ್ಟಿಲ ಕೆಳಗೆ ಧೂಳು ಹಿಡಿಯುತ್ತಾ ನಿಂತಿತ್ತಂತೆ, ಒಂದು ಶನಿವಾರ ತಾಯಿ ಮಗಳು ಇಬ್ಬರೂ ಅದನ್ನು ತಳ್ಳಿಕೊಂಡು ಮೈದಾನಕ್ಕೆ ಬಂದರು, ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಸಿಮೆಂಟು ಅಂಗಳವನ್ನೇ ನಾವು ಮೈದಾನ ಅನ್ನುವುದು, ಇವಳಿಗೆ ಬ್ಯಾಲೆನ್ಸ್ ಬರುತ್ತೆ ಸಾರ್, ಅವರಪ್ಪ ಕಲಿಸಿದಾರೆ, ಆದ್ರೆ ಈಗ ಹತ್ತಲ್ಲ ಅಂತಾಳೆ, ಸುಮ್ನೆ ನಿಮ್ಮ ಹತ್ರ ಬಿಟ್ಟಿರ್ತೀನಿ, ಮಕ್ಕಳ ಜೊತೆಗಾದ್ರೂ ಇರ್ಲಿ. ನಾನು ಅವಳಿಗೆ ಸೈಕಲ್ ಕಲಿಸಲೇ ಇಲ್ಲ, ಬಾ ಪುಟ್ಟಿ, ಈ ಪಂಪು ಹಿಡ್ಕೋ, ಎಲ್ಲರ ಟೈರಿಗೂ ಗಾಳಿ ಹಾಕ್ಬೇಕು ಅಂದೆ ಅಷ್ಟೇ, ಎರಡು ವಾರ ಎಲ್ಲರಿಗೂ ಗಾಳಿ ಹಾಕಿದಳು, ಮೂರನೆಯ ವಾರ ತನ್ನದಕ್ಕೂ ಹಾಕಿಕೊಂಡು ಹತ್ತಿ ಹೊರಟೇಹೋದಳು, ಸಾರ್ ಸಾರ್ ನೋಡಿ ಸಾರ್ ಅಂತ ಇಡೀ ಅಂಗಳ ಸುತ್ತಿದಳು, ಆಗ ಎಷ್ಟು ಮಾತು ಅವಳಿಗೆ, ಸಾರ್ ನೀವು ವಾರವೆಲ್ಲಾ ಏನ್ಮಾಡ್ತೀರಾ, ಲಿಫ್ಟ್ ರಿಪೇರಿ ಮಾಡ್ತೀನಮ್ಮ, ಲಿಫ್ಟೊಳಗೆ ಸಿಕ್ಕಾಕೊಂಡೋರು ಅಳ್ತಾರಾ ಸಾರ್, ಅಳ್ತಾರೆ, ದೊಡ್ಡೋರೂ ಅಳ್ತಾರಾ, ದೊಡ್ಡೋರೇ ಜಾಸ್ತಿ. ಆಮೇಲೆ ಅವಳ ಅಮ್ಮ ಬೇಗ ಬರತೊಡಗಿದಳು, ನಾನು ತಡವಾಗಿ ಹೋಗತೊಡಗಿದೆ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳ ಹತ್ತಿರ ಇಲ್ಲದ ಕೆಮ್ಮಿಗೆಲ್ಲ ಔಷಧಿ ಕೇಳಿದೆ, ಮದುವೆಯಾಯಿತು. ಮದುವೆಯಾದ ಮಾರನೆಯ ದಿನದಿಂದ ಹುಡುಗಿಗೆ ನನ್ನನ್ನು ಕರೆಯಲು ಪದವಿಲ್ಲ. ಮನೆಯೊಳಗೆ ಓಡಾಡುವ ಮನುಷ್ಯನನ್ನು ಸಾರ್ ಅನ್ನಲಾಗುವುದಿಲ್ಲ, ಅಪ್ಪ ಅನ್ನುವುದು ಆಗಲೇ ಒಬ್ಬರಿಗೆ ಸಲ್ಲಿಹೋಗಿದೆ, ಅಂಕಲ್ ಅನ್ನು ಪುಟ್ಟಿ ಅಂತ ಅಮ್ಮ ಹೇಳಿಕೊಟ್ಟರೆ ಅದು ಗ್ಯಾಸ್ ಸಿಲಿಂಡರ್ ತರೋರಿಗೆ ಅನ್ನೋದು ಅಂತ ಒಳಗೆ ಹೋಗಿಬಿಟ್ಟಳು. ಕರೆಯದೆಯೇ ಕರೆಯುವುದನ್ನು ಕಲಿತಳು. ಬಾಗಿಲಲ್ಲಿ ನಿಂತು ಗೋಡೆಗೆ ಹೇಳುತ್ತಾಳೆ, ಊಟಕ್ಕೆ ಬರ್ಬೇಕಂತೆ. ಟವೆಲ್ ಬೇಕಾ ಅಂತ ಕೇಳ್ತಿದಾರೆ. ಎಲ್ಲವೂ ಅಂತೆ, ಎಲ್ಲವೂ ಯಾರೋ ಹೇಳಿ ಕಳಿಸಿದ್ದು. ಮೈದಾನದ ನಮ್ಮ ಸೈಕಲ್ ಕ್ಲಬ್ಬಿನಲ್ಲೂ ಸಾರ್ ನಿಂತುಹೋಯಿತು. ನನಗೆ ಮನೆ ಸಿಕ್ಕಿತು, ಪಾಪ, ಅವಳಿಗೆ ಇದ್ದ ಒಬ್ಬ ಸಾರ್ ಕಳೆದುಹೋದ. ತಾನಾಗೇ ಸರಿಹೋಗ್ತಾಳೆ ಬಿಡಿ, ನೀವು ತಲೆ ಕೆಡಿಸ್ಕೋಬೇಡಿ ಅನ್ನುತ್ತಾಳೆ ಹೆಂಡತಿ, ಕೆಡಿಸಿಕೊಳ್ಳುವುದಿಲ್ಲ ನಾನು, ಸುಮ್ಮನೆ ಸೀಟು ಎತ್ತರಿಸುತ್ತೇನೆ.

ಯಾಕೆಂದರೆ ಹುಡುಗಿ ಬೆಳೆದಳು, ಸೈಕಲ್ಲು ಬೆಳೆಯಲಿಲ್ಲ. ಕ್ಲಬ್ಬಿನಲ್ಲಿ ನೀಲಿ ಸೈಕಲ್ಲೊಂದಿದೆ, ಅವಳ ಅಳತೆಗೆ ಹೇಳಿ ಮಾಡಿಸಿದ ಹಾಗಿದೆ, ಪ್ರತಿ ವಾರ ಅದನ್ನು ಒರೆಸಿ ಯಾರಿಗೂ ಕೊಡದೆ ಗೋಡೆಗೆ ಒರಗಿಸಿ ಇಟ್ಟು ನೋಡಿದೆ, ಅವಳು ಅದರ ಮುಂದೆಯೇ ಹಾದುಹೋಗುತ್ತಿದ್ದಳು, ಬೇಕಾ ಅಂತ ನಾನು ಕೇಳಲಿಲ್ಲ, ಕೇಳಿದ್ದರೆ ಅದು ಸೈಕಲ್ಲಿನ ಮಾತಾಗಿ ಉಳಿಯುತ್ತಿರಲಿಲ್ಲ. ಅಪ್ಪ ಸುತ್ತಿಕೊಟ್ಟ ಕೆಂಪು ಟೇಪು ಇದೆಯಲ್ಲ ಆ ಹಳೆಯದರ ಹ್ಯಾಂಡಲ್ಲಿಗೆ, ಅಲ್ಲಲ್ಲಿ ಎದ್ದು ಅಂಟಂಟಾಗಿದೆ, ಬೇರೆ ಮಕ್ಕಳ ಸೈಕಲ್ಲಾಗಿದ್ದರೆ ಕಿತ್ತು ಹೊಸದು ಸುತ್ತುತ್ತಿದ್ದೆ, ಅದನ್ನು ಮುಟ್ಟಿಲ್ಲ, ಮುಟ್ಟುವ ಅಧಿಕಾರ ನನಗಿಲ್ಲ, ಸೀಟನ್ನು ಮಾತ್ರ ಮುಟ್ಟಿದೆ, ಶನಿವಾರ ಬೆಳಿಗ್ಗೆ ಅವಳು ಹಲ್ಲುಜ್ಜುತ್ತಿರುವಾಗ ಮೆಟ್ಟಿಲ ಕೆಳಗೆ ಕೂತು ನಟ್ಟು ಸಡಿಲಿಸಿ ಒಂಚೂರು ಮೇಲೆ, ಒಂದು ಕೂದಲೆಳೆ, ಇನ್ನೊಂದು ತಿಂಗಳಿಗೆ ಇನ್ನೊಂಚೂರು, ಅವಳ ಕಾಲಿಗೆ ನೋವಾಗದ ಹಾಗೆ, ಅವಳಿಗೆ ಗೊತ್ತಾಗದ ಹಾಗೆ, ಮನೆಯಲ್ಲಿ ಕಳ್ಳನ ಹಾಗೆ. ನಿನ್ನೆ ಆ ಕಂಬಿಯ ಮೇಲೆ ಗೆರೆ ಕಂಡಿತು. ಸೀಟಿನ ಕಂಬಿಗೆ ಒಂದು ಗೆರೆ ಕೊರೆದಿರುತ್ತಾರೆ, ಅದು ಹೊರಗೆ ಕಂಡರೆ ಮುಗಿಯಿತು, ಇನ್ನು ಎತ್ತಬಾರದು, ಎತ್ತಿದರೆ ಕಂಬಿ ಮುರಿದು ಮಗು ಬೀಳುತ್ತದೆ. ಆ ಗೆರೆ ನೋಡುತ್ತಾ ಕೂತೆ. ಹೇಳಬೇಕು. ಯಾವ ಬಾಯಲ್ಲಿ ಹೇಳಬೇಕು, ನಿಮ್ಮಪ್ಪನ ಸೈಕಲ್ಲು ಇನ್ನು ನಿನಗಾಗದು ಅಂತ, ಅದೂ ನಾನು. ಬೆಳಿಗ್ಗೆ ನೀಲಿಯದನ್ನು ಬಡಬಡಿಗೆ ಕೊಟ್ಟೆ, ಬಾಯಿ ಮುಚ್ಚದ ಆ ಹುಡುಗಿಗೆ ನಾವಿಟ್ಟ ಹೆಸರು ಅದು, ಅವಳ ಸೈಕಲ್ಲಿನ ಚೈನು ತುಂಡಾಗಿತ್ತು, ಒಳ್ಳೆಯದೇ ಆಯಿತು ಅಂದುಕೊಂಡೆ, ಇವತ್ತು ಬೇಡ, ಇವತ್ತು ಮಕ್ಕಳು ಮೊದಲ ಸಲ ಅಂಗಳ ಬಿಟ್ಟು ಕಾಲುವೆ ರಸ್ತೆಗೆ ಹೊರಡುತ್ತಿದ್ದಾರೆ, ಮುಂದೆ ನನ್ನ ಜೊತೆ ಕ್ಲಬ್ಬು ನಡೆಸುವ ಶಾಲೆಯ ಡ್ರಾಯಿಂಗ್ ಮೇಡಂ ದೊಡ್ಡ ಮಕ್ಕಳನ್ನು ಕರೆದುಕೊಂಡು, ಹಿಂದೆ ನಾನು ನಿಧಾನದವರನ್ನು ಅಟ್ಟಿಕೊಂಡು, ಗುಂಡ, ಬಡಬಡಿ, ಮತ್ತೆ ನಮ್ಮ ಹುಡುಗಿ, ಅವಳು ನಿಧಾನದವಳಲ್ಲ, ಆ ಸೈಕಲ್ಲು ಅವಳನ್ನು ನಿಧಾನ ಮಾಡಿದೆ, ಹೇಗೆ ಹೇಳಲಿ ಹೇಗೆ ಹೇಳಲಿ ಅಂತ ಅವಳ ಮೊಣಕಾಲನ್ನೇ ನೋಡುತ್ತಾ ಬಂದೆ, ರಸ್ತೆಯಲ್ಲಿ ಗುಂಡಿ ಇತ್ತು.

ಸತ್ತೋದ್ರಾ, ಸಾರ್ ಸತ್ತೋದ್ರಾ — ಇದು ಗುಂಡ, ಅಳುತ್ತಿದ್ದಾನೆ, ಇಲ್ಲ ಕಣೋ ಅನ್ನಬೇಕು, ಬಾಯಿ ತೆರೆದರೆ ಬರಿ ಗಾಳಿ. ಸಾರ್ ಕಣ್ಣು ಬಿಟ್ಟಿದಾರೆ, ಕಣ್ಣು ಬಿಟ್ಕೊಂಡೇ ಸಾಯ್ತಾರಂತೆ ಕೆಲವರು, ನಮ್ಮ ಅಜ್ಜಿ ಹೇಳಿದಾರೆ, ಎತ್ತೋಣ ಬಾ, ಕೈ ಹಿಡಿ, ನೀನು ಆ ಕೈ — ಇದು ಬಡಬಡಿ, ಬೇಡಮ್ಮ ತಾಯಿ, ಆ ಕೈ ಬೇಡ — ಮುಟ್ಬೇಡಿ. ಯಾರಿದು? ಯಾರೂ ಮುಟ್ಬೇಡಿ ಅವರನ್ನ. ಸೈಕಲ್ ಮೊದಲು, ಎಲ್ಲ ರಸ್ತೆಯಿಂದ ಎತ್ತಿ ಹುಲ್ಲಿನ ಮೇಲೆ ಹಾಕಿ, ಮಾತಾಡೋದು ಆಮೇಲೆ. ಇದು ನನ್ನ ಮಾತು, ಮಾತಾಡೋದು ಆಮೇಲೆ, ಪ್ರತಿ ವಾರ ನಾನು ಹೇಳುವುದು, ನನ್ನ ಗತ್ತು, ಕೊನೆಗೆ ಸ್ವಲ್ಪ ಎಳೆಯುವುದು ಕೂಡ ನನ್ನದೇ, ಆದರೆ ದನಿ ಅವಳದು, ಗೋಡೆಗೆ ಹೇಳುವ ದನಿಯಲ್ಲ, ಜೋರಾಗಿದೆ, ನಡುಗುತ್ತಿದೆ, ಆದರೂ ಜೋರಾಗಿದೆ. ನೆಲದ ಮಟ್ಟದಿಂದ ನನಗೆ ಕಾಣುವುದು ಬರಿ ಕಾಲುಗಳು, ಮೂರು ಜೊತೆ, ಅದರಲ್ಲಿ ಉದ್ದದ್ದು ಅವಳದು, ಇಷ್ಟುದ್ದ ಯಾವಾಗ ಆಯಿತು. ಬಡಬಡಿ, ನೀನು ಓಡಿ ಆ ತಿರುವಿನ ಈಚೆ ನಿಂತ್ಕೋ, ಗಾಡಿ ಬಂದ್ರೆ ಕೈಯೆತ್ತಿ ಕೂಗು, ಕೂಗೋದು ನಿಂಗೆ ಚೆನ್ನಾಗಿ ಬರತ್ತಲ್ಲ. ಗುಂಡ, ಅಳ್ಬೇಡ, ಬಾ ಇಲ್ಲಿ ನಿಂತ್ಕೋ, ಇಲ್ಲಲ್ಲ, ಇನ್ನೂ ಈಕಡೆ, ಹಾಂ, ಅವರ ಮುಖದ ಮೇಲೆ ನೆರಳು ಬೀಳ್ಲಿ. ನೆರಳು ಬಿತ್ತು. ಗುಂಡನ ಹೊಟ್ಟೆಯ ತಂಪು ನೆರಳು, ದೇವರು ಅವನನ್ನು ಹೀಗೇ ಇಟ್ಟಿರಲಿ. ಆಮೇಲೆ ಅವಳು ಕೂತಳು, ಮುಖ ಕೆಳಗೆ ತಂದಳು, ಇಷ್ಟು ಹತ್ತಿರದಿಂದ ಅವಳ ಮುಖವನ್ನು ನಾನು ನೋಡಿಯೇ ಇರಲಿಲ್ಲ, ತುಟಿಯ ಮೇಲೆ ಬೆವರು, ಬೆರಳು ಆಡಿಸಿ, ಆಡಿಸಿದೆ, ಕಾಲು, ಆಡಿಸಿದೆ, ಕತ್ತು ನೋಯ್ತಿದೆಯಾ, ಭುಜ ಅಂದೆ, ಅಷ್ಟು ಹೇಳಲು ಸಾಕಾಯಿತು. ಫೋನು? ಜೇಬಿನಲ್ಲಿ, ಅದರ ಮೇಲೆಯೇ ಬಿದ್ದಿದ್ದೇನೆ, ಅವಳು ಎರಡು ಬೆರಳಲ್ಲಿ ಹುಷಾರಾಗಿ ಎಳೆದಳು, ಗಾಜು ಪುಡಿಪುಡಿ, ಕಪ್ಪಾಗಿದೆ, ಒತ್ತಿದಳು, ಮತ್ತೆ ಒತ್ತಿದಳು. ಡ್ರಾಯಿಂಗ್ ಮೇಡಂ ಎಷ್ಟು ದೂರ ಹೋಗಿದ್ದಾರೋ, ಅವರಿಗೆ ಗೊತ್ತೇ ಇಲ್ಲ. ಹಿಂದೆ ಪಂಪ್‌ಹೌಸ್ ಇತ್ತಲ್ಲ, ವಾಚ್‌ಮನ್ ಇದ್ದ, ಅವನ ಹತ್ರ ಫೋನ್ ಇರತ್ತೆ, ನಾನು ಹೋಗ್ಬರ್ತೀನಿ. ಹೋಗ್ಬರ್ತೀನಿ ಅಂತ ನನಗೆ ಹೇಳಿದಳು. ಯಾರೋ ಹೇಳಿ ಕಳಿಸಿದ್ದಲ್ಲ, ಅಂತೆ ಇಲ್ಲ, ಬರ್ತೀನಿ.

ಎದ್ದು ತನ್ನ ಸೈಕಲ್ಲಿನ ಹತ್ತಿರ ಹೋದಳು, ನಿಂತಳು. ಸುಮ್ಮನೆ ನಿಂತಿದ್ದಾಳೆ. ಹುಲ್ಲಿನ ಮೇಲೆ ಪುಟ್ಟದು, ಅದರ ಪಕ್ಕದಲ್ಲಿ ನೀಲಿಯದು. ಹೊರಡು ಅನ್ನಬೇಕು, ಯಾವುದಾದರೂ ಸರಿ ಅನ್ನಬೇಕು, ಅಲ್ಲ, ಅನ್ನಬಾರದು, ನಾನು ಏನೂ ಅನ್ನಬಾರದು. ಪುಟ್ಟದನ್ನು ಎತ್ತಿದಳು, ಎತ್ತಿ ತಳ್ಳಿಕೊಂಡು ಬಂದು ನನ್ನ ಕಣ್ಣೆದುರಿಗೆ ಮಲಗಿಸಿದಳು, ಮೆತ್ತಗೆ, ಸದ್ದಾಗದ ಹಾಗೆ, ಇದನ್ನ ನೋಡ್ಕೊಳ್ಳಿ, ಯಾರಿಗೂ ಕೊಡ್ಬೇಡಿ ಅಂದಳು, ಆಮೇಲೆ ಇನ್ನೂ ಮೆತ್ತಗೆ, ನಾನೊಬ್ಬನೇ ಕೇಳುವ ಹಾಗೆ, ಇದರ ಸೀಟು ಇನ್ನು ಮೇಲಕ್ಕೆ ಬರಲ್ಲ, ಗೆರೆ ಬಂದಿದೆ, ನಂಗೊತ್ತು. ಗೊತ್ತಿತ್ತು ಅವಳಿಗೆ. ಎಲ್ಲಾ ಗೊತ್ತಿತ್ತು, ಯಾವಾಗಿನಿಂದಲೋ ಏನೋ, ಬಾಯಿ ತುಂಬಾ ಪೇಸ್ಟಿನ ನೊರೆ ಇಟ್ಟುಕೊಂಡು ಮೆಟ್ಟಿಲ ಮೇಲಿಂದ ಬಗ್ಗಿ ನೋಡಿರಬೇಕು, ನೋಡಿ ಸುಮ್ಮನೆ ಹೋಗಿರಬೇಕು, ಸೀಟು ಎತ್ತರವಾದಷ್ಟೂ ಏನೂ ಗೊತ್ತಿಲ್ಲದವಳ ಹಾಗೆ ಹತ್ತಿ ಕೂತಿರಬೇಕು, ನಾನು ಅವಳಿಂದ ಬಚ್ಚಿಟ್ಟೆ, ಅವಳು ಬಚ್ಚಿಟ್ಟದ್ದನ್ನು ನನ್ನಿಂದ ಬಚ್ಚಿಟ್ಟಳು, ಒಂದೇ ಮನೆಯಲ್ಲಿ ಇಬ್ಬರು ಕಳ್ಳರು. ನೀಲಿಯದನ್ನು ಹತ್ತಿದಳು. ಮೊದಲು ಓಲಾಡಿತು, ದೊಡ್ಡ ಚಕ್ರ, ಹ್ಯಾಂಡಲ್ಲು ಅಗಲ, ಹುಷಾರು ಹುಷಾರು, ಆಮೇಲೆ ಕಾಲು ಪೂರ್ತಿ ಕೆಳಗೆ ಇಳಿಯಿತು, ಮಡಚಿಕೊಂಡೇ ಇದ್ದ ಕಾಲು ಉದ್ದಕ್ಕೆ ಬಿಚ್ಚಿಕೊಂಡಿತು, ಮತ್ತೆ ಇಳಿಯಿತು, ಸೀಟಿನಿಂದೆದ್ದು ನಿಂತೇ ತುಳಿದಳು, ಸೈಕಲ್ಲು ಹಾರಿಹೋಯಿತು ಅನ್ನಬೇಕು. ತಿರುವಿನ ಮುಂಚೆಯೇ ಪಂಪ್‌ಹೌಸಿಗೆ ಎಡಕ್ಕೆ ಒಂದು ದಾರಿ ಒಡೆಯುತ್ತದೆ. ಅಲ್ಲಿ ಅವಳು ಎಡಗೈ ಚಾಚಿದಳು. ಪೂರ್ತಿ, ಭುಜದ ಮಟ್ಟಕ್ಕೆ, ಬೆರಳು ಸೇರಿಸಿ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಸೀಮೆಸುಣ್ಣದಲ್ಲಿ ಬರೆದ ರಸ್ತೆಗಳ ಮೇಲೆ ಅದನ್ನು ಕಲಿಸುವಾಗ ಮಕ್ಕಳೆಲ್ಲ ಗೊಣಗುತ್ತಾರೆ, ಯಾರೂ ಇಲ್ವಲ್ಲ ಸಾರ್, ಯಾರಿಗೆ ಕೈ ತೋರಿಸ್ಬೇಕು, ನಾನು ಹೇಳುತ್ತೇನೆ, ಹಿಂದೆ ಇರೋರಿಗೆ ಕಣ್ರೋ, ಎಲ್ಲಿಗೆ ಹೋಗ್ತಿದೀನಿ ಅಂತ ಹಿಂದೆ ಇರೋರಿಗೆ ಹೇಳಿ ಹೋಗ್ಬೇಕು. ಹಿಂದೆ ಇದ್ದದ್ದು ನಾನು. ಒಂದು ಕೈಯಲ್ಲಿ, ಪರಿಚಯವಿಲ್ಲದ ಸೈಕಲ್ಲಿನ ಮೇಲೆ, ಓಲಾಡುತ್ತಾ, ಚಾಚಿದ ಕೈ ಇಳಿಸದೆ, ತಿರುಗಿದಳು.

ಬಿಸಿಲು ಏರುತ್ತಿದೆ, ಗುಂಡ ಒಂದೊಂದೇ ಹೆಜ್ಜೆ ಸರಿಯುತ್ತಿದ್ದಾನೆ, ನೆರಳು ನನ್ನ ಮುಖ ಬಿಟ್ಟುಹೋಗದ ಹಾಗೆ, ಎಷ್ಟು ಶ್ರದ್ಧೆ ಅವನಿಗೆ. ಸಾರ್, ನೋಯ್ತಿದೆಯಾ. ಸ್ವಲ್ಪ. ಅಳ್ಬೇಕು ಅನ್ಸಿದ್ರೆ ಅಳಿ ಸಾರ್, ನಾನು ಯಾರಿಗೂ ಹೇಳಲ್ಲ. ಆಗಲಪ್ಪ. ಅತ್ತ ಬಡಬಡಿ ಇಲ್ಲದ ಗಾಡಿಗಳಿಗೆಲ್ಲ ಕೂಗಿ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ, ನಿಧಾನಾ, ನಿಧಾನಾ, ಮುಂದೆ ಆಕ್ಸಿಡೆಂಟ್ ಆಗಿದೆ, ಸಾರ್ ಬಿದ್ದಿದಾರೆ, ಸತ್ತಿಲ್ಲ. ಕಣ್ಣೆದುರು ಪುಟ್ಟ ಸೈಕಲ್ಲು, ಕೆಂಪು ಟೇಪು, ಟೇಪಿನ ತುದಿಯನ್ನು ಅವಳಪ್ಪ ಎಷ್ಟು ನೀಟಾಗಿ ಒಳಗೆ ಮಡಚಿದ್ದಾನೆ, ಇವತ್ತು ಕಂಡಿತು, ಗಡಿಬಿಡಿಯ ಮನುಷ್ಯನಲ್ಲ, ಒಂದು ಸಂಜೆ ಪೂರ್ತಿ ಕೂತು ಸುತ್ತಿರಬೇಕು, ಮಗಳು ಪಕ್ಕದಲ್ಲಿ ಕೂತು ಟೇಪಿನ ಸುರುಳಿ ಹಿಡಿದುಕೊಂಡಿರಬೇಕು, ನಾವಿಬ್ಬರೂ ಭೇಟಿಯಾಗಿದ್ದರೆ ಚೆನ್ನಾಗಿ ಕೂತು ಮಾತಾಡುತ್ತಿದ್ದೆವೇನೋ, ಅಥವಾ ಜಗಳವಾಡುತ್ತಿದ್ದೆವೋ, ನೋಡ್ಕೊಳ್ಳಿ ಅಂದಿದ್ದಾಳೆ ನಿನ್ನ ಮಗಳು, ನೋಡಿಕೊಳ್ಳುತ್ತಿದ್ದೇನೆ. ಎಷ್ಟು ಹೊತ್ತಾಯಿತು? ವಾಚ್‌ಮನ್ ಇಲ್ಲದಿದ್ದರೆ? ನಾಯಿ ಅಟ್ಟಿದರೆ? ಆ ಸೈಕಲ್ಲಿನ ಬ್ರೇಕು ಸ್ವಲ್ಪ ಗಟ್ಟಿ, ಹೇಳಲೇ ಇಲ್ಲ ನಾನು, ಜೋರಾಗಿ ಹಿಡಿದರೆ ಮುಂದಕ್ಕೆ ಎತ್ತಿ ಎಸೆಯುತ್ತದೆ, ಅಯ್ಯೋ ಹೇಳಬೇಕಿತ್ತು, ಲಿಫ್ಟಿನೊಳಗೆ ಸಿಕ್ಕಿಕೊಂಡವರು ಹೀಗೇ ಅಲ್ಲವೇ, ಹೊರಗೆ ಯಾರೋ ಹೋಗಿದ್ದಾರೆ, ಬರುತ್ತಾರೆ, ಎಲ್ಲಿದ್ದಾರೋ ಕಾಣುವುದಿಲ್ಲ, ಕಂಡದ್ದು ಅಷ್ಟೇ, ಖಾಲಿ ರಸ್ತೆ, ಒಂದು ಕೈ.

ಮುಂದೆ ಹೋದವರು ಹಿಂದೆ ಯಾರೂ ಬರದ್ದು ನೋಡಿ ವಾಪಸು ಬಂದರು, ಡ್ರಾಯಿಂಗ್ ಮೇಡಂ ಸೈಕಲ್ಲು ಬಿಸಾಕಿ ಓಡಿಬಂದು ಏನ್ರೀ ಇದು, ಏನ್ ಮಾಡ್ಕೊಂಡ್ರಿ, ಎಲ್ಲಿ ನಿಮ್ಮ ಹುಡುಗಿ ಅನ್ನುವಾಗಲೇ ಆ ಕಡೆಯಿಂದ ಹಾರ್ನು, ಬಿಳಿಯ ವ್ಯಾನು, ಲಾಂಡ್ರಿಯದು, ಆಸ್ಪತ್ರೆಗಳಿಗೆ ಒಗೆದ ಬಟ್ಟೆ ಕೊಂಡೊಯ್ಯುವುದಂತೆ, ಮುಂದಿನ ಸೀಟಿನಲ್ಲಿ ಹೆಲ್ಮೆಟ್ ತೆಗೆಯದೆಯೇ ನಮ್ಮ ಹುಡುಗಿ. ಪಂಪ್‌ಹೌಸಿಗೆ ಬೀಗ ಇತ್ತು, ದೊಡ್ಡ ರಸ್ತೆವರೆಗೂ ಹೋದೆ, ಇವರು ನಿಲ್ಸಿದ್ರು. ಡ್ರೈವರು ಇಳಿದು ಬಂದ, ದಪ್ಪ ಮೀಸೆ, ಸೋಪಿನ ವಾಸನೆ, ಬಗ್ಗಿ ನನ್ನನ್ನು ನೋಡಿದ, ಅವಳನ್ನು ನೋಡಿದ, ದಾರಿಯುದ್ದಕ್ಕೂ ನನ್ ಪ್ರಾಣ ತಿಂದ್ಬಿಟ್ಳು, ಬೇಗ ಬೇಗ ಅಂತ, ಯಾರಮ್ಮ ಇವ್ರು, ನಿಂಗೇನಾಗ್ಬೇಕು? ಉಸಿರು ಎಳೆಯುವುದನ್ನು ನಿಲ್ಲಿಸಿದೆ, ನೋವಿಗಲ್ಲ. ಬಡಬಡಿ ಬಾಯಿ ತೆರೆದಳು, ನಮ್ಮ ಸಾ — ನಮ್ಮ ಹುಡುಗಿ ಅವಳ ಕಡೆ ಒಂದು ನೋಟ ಬಿಟ್ಟಳು, ಬಾಯಿ ಮುಚ್ಚಿಕೊಂಡಿತು, ಬಡಬಡಿಯ ಬಾಯಿ ಮುಚ್ಚಿದ್ದನ್ನು ನಾನು ಈ ಜನ್ಮದಲ್ಲಿ ನೋಡಿದ್ದು ಇದೇ ಮೊದಲು. ಏನು ಹೇಳುತ್ತಾಳೆ, ಬೇಡ, ಹೇಳಲೇಬೇಕೆಂದಿಲ್ಲ, ಪಾಪ, ಎಲ್ಲರೆದುರು, ಯಾಕಪ್ಪ ಕೇಳಿದೆ ನೀನು, ಬಂದ ಕೆಲಸ ನೋಡಬಾರದೇ. ನಮ್ಮನೆಯವರು, ಅಂದಳು. ಡ್ರಾಯಿಂಗ್ ಮೇಡಂಗೆ ಕೆಮ್ಮು ಬಂತು. ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕ, ಏನಮ್ಮಾ, ಇಷ್ಟು ಬೇಗ ಮದ್ವೆ ಮಾಡ್ಬಿಟ್ರಾ ನಿಂಗೆ! ಅವಳ ಅಮ್ಮ ಫೋನಿನಲ್ಲಿ ಯಾರಿಗೋ ಹೇಳುವ ಮಾತು ಅದು, ಇರಿ ನಮ್ಮನೆಯವರನ್ನ ಕೇಳಿ ಹೇಳ್ತೀನಿ, ಹೆಂಡತಿ ಗಂಡನಿಗೆ ಅನ್ನುವ ಮಾತು ಅಂತ ಅವಳಿಗೆಲ್ಲಿ ಗೊತ್ತು, ಅವಳಿಗೆ ಸಿಕ್ಕ ಪದ ಅದು, ಎಲ್ಲಾ ಹುಡುಕಿ ಅವಳೇ ಆರಿಸಿಕೊಂಡದ್ದು. ಯಾಕೆ ನಗ್ತೀರಾ, ಕೆಂಪಾಗಿಬಿಟ್ಟಳು, ನಮ್ಮನೇಲಿ ಇರ್ತಾರೆ, ನಮ್ಮನೆಯವರು, ಅಷ್ಟೇ, ನೀವು ಎತ್ತಿ ಮೊದಲು, ಮಾತಾಡೋದು ಆಮೇಲೆ. ನನಗೂ ನಗು ಬಂತು, ಭುಜ ಕಿತ್ತುಬಂದ ಹಾಗಾಯಿತು, ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು, ಗುಂಡ ಎಲ್ಲರಿಗೂ ಕೈ ಮಾಡಿ ಹೇಳಿದ, ನೋಡ್ಬೇಡಿ, ಸಾರ್ ಅಳ್ತಿದಾರೆ.

ಈಗ ವ್ಯಾನಿನೊಳಗೆ ಒಗೆದ ಬೆಡ್‌ಶೀಟುಗಳ ಮೂಟೆಗಳ ಮೇಲೆ ಒರಗಿಸಿದ್ದಾರೆ ನನ್ನನ್ನು, ಇಸ್ತ್ರಿಯ ಬಿಸಿ ಇನ್ನೂ ಇದೆ, ಡ್ರಾಯಿಂಗ್ ಮೇಡಂ ತಮ್ಮ ದುಪ್ಪಟ್ಟಾದಿಂದ ಕೈಯನ್ನು ಎದೆಗೆ ಕಟ್ಟಿ ಮಕ್ಕಳನ್ನು ಸಾಲು ಮಾಡಿಕೊಂಡು ಅಂಗಳಕ್ಕೆ ಹೊರಟರು, ನೀಲಿ ಸೈಕಲ್ಲನ್ನು ವ್ಯಾನಿನಿಂದ ಇಳಿಸಿ ಬಡಬಡಿಗೆ ವಾಪಸು ಕೊಟ್ಟಾಯಿತು, ಕೊಡುವಾಗ ನಮ್ಮ ಹುಡುಗಿ ಅದರ ಸೀಟನ್ನೊಮ್ಮೆ ತಟ್ಟಿದಳು, ಮುಂದಿನ ವಾರ ಇದು ನಂಗೆ ಅಂದಳು, ಜಗಳದ ದನಿಯಲ್ಲಿ. ಪುಟ್ಟದನ್ನು ಇಲ್ಲೇ ಬಿಡಮ್ಮ, ಒಳಗೆ ಜಾಗ ಇಲ್ಲ ಅಂದ ಡ್ರೈವರ್, ಇದೆ, ಇವರ ಪಕ್ಕ ಇಡಿ ಅಂದಳು. ಪಕ್ಕದಲ್ಲೇ ಇದೆ, ತಿರುವಿನಲ್ಲಿ ಜಾರದ ಹಾಗೆ ಎಡಗೈಯಲ್ಲಿ ಅದರ ಹ್ಯಾಂಡಲ್ಲು ಹಿಡಿದಿದ್ದೇನೆ, ಟೇಪು ಅಂಗೈಗೆ ಅಂಟುತ್ತಿದೆ, ಮುಟ್ಟಿದ್ದು ತಪ್ಪಾಯಿತೇ, ಆಗಲಿ, ಅವಳೇ ಇಟ್ಟದ್ದು. ಮುಂದೆ ಅವಳು ಡ್ರೈವರನ ಫೋನಿನಲ್ಲಿ ಮಾತಾಡುತ್ತಿದ್ದಾಳೆ, ಅಮ್ಮಾ, ಗಾಬರಿ ಆಗ್ಬೇಡ, ಬಿದ್ದಿದಾರೆ, ಇಲ್ಲ ತಲೆಗೇನಾಗಿಲ್ಲ, ಭುಜ, ನಗ್ತಿದಾರೆ, ನೀನು ಅಂಗಡಿಯಿಂದ ಸೀದಾ ಆಸ್ಪತ್ರೆಗೆ ಬಾ, ಅಳ್ಬೇಡಮ್ಮ, ನಾನಿದೀನಲ್ಲ ಅವರ ಜೊತೆ. ನಾನಿದೀನಲ್ಲ. ಅವಳ ತಾಯಿ ಏನು ಕೇಳಿದಳೋ, ಹೂಂ ಅಂದಳು, ಹೂಂ, ಆಮೇಲೆ ಫೋನಿಟ್ಟು ಕಿಟಕಿಯ ಕಡೆ ತಿರುಗಿಕೊಂಡಳು, ಹೆಲ್ಮೆಟ್ಟಿನ ಹಿಂಭಾಗ ಮಾತ್ರ ಕಾಣುತ್ತಿದೆ, ಭುಜಗಳು ಅಲುಗುತ್ತಿವೆ, ಈಗ ಅಳುತ್ತಿದ್ದಾಳೆ, ಎಲ್ಲಾ ಮುಗಿದ ಮೇಲೆ, ಮಾತಾಡೋದು ಆಮೇಲೆ, ಅಳೋದೂ ಆಮೇಲೆ, ಏನಾದರೂ ಹೇಳಬೇಕು, ಏನೆಂದು ಕರೆದು ಹೇಳಲಿ, ಪುಟ್ಟಿ ಅನ್ನಲೇ, ಅವಳಿಗೊಂದು ಪದ ಸಿಕ್ಕಿತು, ನನಗಿನ್ನೂ ಸಿಕ್ಕಿಲ್ಲ, ಗಾಡಿ ಕುಲುಕಿದರೆ ಕಣ್ಣು ಕತ್ತಲೆ ಬರುತ್ತದೆ, ಕಣ್ಣು ಮುಚ್ಚಿದರೆ ಅದೇ, ಬಿಸಿಲು, ಕಾಲುವೆಯ ಪಕ್ಕದ ರಸ್ತೆ, ಯಾರೂ ಇಲ್ಲ, ನೀಲಿ ಸೈಕಲ್ಲು ಓಲಾಡುತ್ತಿದೆ, ಎರಡೂ ಕೈಯಲ್ಲಿ ಹ್ಯಾಂಡಲ್ಲು ಹಿಡಿದುಕೊಳ್ಳಬಾರದೇ, ಬೀಳುತ್ತೀಯ, ಬೇಡ, ಯಾರೂ ಇಲ್ಲವಲ್ಲ — ಕೈ ಇಳಿಸುತ್ತಿಲ್ಲ ಅವಳು, ಆ ಕೈ, ಭುಜದ ಮಟ್ಟಕ್ಕೆ, ಬೆರಳು ಸೇರಿಸಿ, ಚಾಚಿದ ಆ ಎಡಗೈ —